ಕಾರ್ಬನ್ ಕ್ಲೀನಿಂಗ್ ಎಂಬ ಹುಸಿ ಮದ್ದು

ಮಹಾರಾಷ್ಟ್ರದ ಸಾಂಗ್ಲಿ–ಮಿರಜದಲ್ಲಿ ಇವತ್ತು ಕಾರನ್ನು ಯಾವ ಕೆಲಸಕ್ಕೆ ಗ್ಯಾರೇಜಿಗೆ ಒಯ್ದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಇಂಜಿನ್‌ನ್ಯಾಗ ಕಾರ್ಬನ್ ಕಟ್ಟೇತ್ರಿ, ಒಮ್ಮೆ ಕ್ಲೀನ್ ಮಾಡಿಸಿಬಿಡ್ರಿ.’ ಪಿಕಪ್ ಇಳಿದರೆ ಕಾರ್ಬನ್, ಎವರೇಜ್ ಬಿದ್ದರೆ ಕಾರ್ಬನ್, ಹೊಗೆ ಕಪ್ಪಾದರೆ ಕಾರ್ಬನ್. ಯಾವ ತೊಂದರೆಯೂ ಇಲ್ಲದ ಗಾಡಿಗೆ ‘ಹತ್ತು ಸಾವಿರ ಕಿಲೋಮೀಟರ್ ಆಗೇತಲ್ರಿ’ ಎಂಬ ಕಾರಣವೊಂದೇ ಸಾಕು. ಎಂಎಚ್-10 ನಂಬರಿನ ಊರ ಗಾಡಿಗಳಿಗೆ ಹೇಳುವುದನ್ನೇ ಕಾಗವಾಡ, ಉಗಾರ, ಅಥಣಿ ಕಡೆಯಿಂದ ಗಡಿ ದಾಟಿ ಬರುವ ನಮ್ಮ ಕೆಎ ನಂಬರಿನ ಗಾಡಿಗಳಿಗೂ ಹೇಳುತ್ತಾರೆ. ಆಸ್ಪತ್ರೆ ಕೆಲಸಕ್ಕೆಂದು ಮಿರಜಕ್ಕೆ ಬಂದವರು ಕಾರನ್ನು ಸರ್ವಿಸಿಗೆ ಬಿಟ್ಟು, ಸಂಜೆ ಬಿಲ್ಲಿನಲ್ಲಿ ‘ಡಿಕಾರ್ಬನೈಸಿಂಗ್’ ಎಂಬ ಸಾಲು ನೋಡಿ, ಒಳ್ಳೆಯದೇ ಆಯಿತು ಎಂದುಕೊಂಡು ಸಾವಿರಗಟ್ಟಲೆ ರೂಪಾಯಿ ಎಣಿಸಿ ಹೋಗುತ್ತಾರೆ.

ಬಹಳಷ್ಟು ಸಲ ಒಳ್ಳೆಯದೇನೂ ಆಗಿರುವುದಿಲ್ಲ. ಇಂಜಿನ್ನಿನ ಇಂಟೇಕಿನಲ್ಲಿ, ಅಂದರೆ ಗಾಳಿ ಒಳಹೋಗುವ ದಾರಿಯಲ್ಲಿ, ಕಟ್ಟುವ ಮಸಿಯನ್ನು ಎಣ್ಣೆ ಬದಲಿಸಿದ ಹಾಗೆ ವರ್ಷಕ್ಕೊಮ್ಮೆ ತೊಳೆಸಬೇಕು ಎಂಬ ನಂಬಿಕೆಯೇ ತಪ್ಪು. ಆ ಮಸಿ ಅತಿಯಾಗಿ ಕಟ್ಟಿದರೆ ಅದು ಬಹುಮಟ್ಟಿಗೆ ಬೇರೆ ಯಾವುದೋ ದೋಷದ ಗುರುತು. ದೋಷವನ್ನು ಹುಡುಕದೆ ಗುರುತನ್ನು ಅಳಿಸುವ ಕೆಲಸಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಈ ಮಾತನ್ನು ಮಿರಜದಲ್ಲಿ ನಿಂತು ಹೇಳಲು ನನಗೆ ಸಂಕೋಚವಿಲ್ಲ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಆಸ್ಪತ್ರೆ ತೆರೆದಂದಿನಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಜನ ಕಾಯಿಲೆ ಹಿಡಿದುಕೊಂಡು ಬರುವ ಊರು ಇದು. ಇಲ್ಲಿ ಯಾವ ಡಾಕ್ಟರೂ ನಾಡಿ ಮುಟ್ಟದೆ, ರಕ್ತ ತಪಾಸಣೆ ಮಾಡದೆ, ಬಾಗಿಲಲ್ಲೇ ನಿಲ್ಲಿಸಿ ಎಲ್ಲರಿಗೂ ಒಂದೇ ಇಂಜೆಕ್ಷನ್ ಕೊಡುವುದಿಲ್ಲ. ಕೊಟ್ಟರೆ ನಾವು ಸುಮ್ಮನಿರುವುದಿಲ್ಲ. ಅದೇ ನಾವು ಗ್ಯಾರೇಜಿನಲ್ಲಿ ಮಾತ್ರ ತಪಾಸಣೆಯೇ ಇಲ್ಲದ ಚಿಕಿತ್ಸೆಗೆ ತಲೆಯಾಡಿಸುತ್ತೇವೆ.

ಮಸಿ ಕಟ್ಟುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಡೀಸೆಲ್ ಕಾರಿನಲ್ಲಿ ಅದು ಕಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಡೀಸೆಲ್ ತೀರಾ ಬಿಸಿಯಾಗಿ ಉರಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದನ್ನು ತಗ್ಗಿಸಲೆಂದೇ ಇಜಿಆರ್ ವಾಲ್ವ್ ಇದೆ. ಉರಿದು ಹೊರಬಿದ್ದ ಹೊಗೆಯಲ್ಲಿ ಒಂದು ಪಾಲನ್ನು ಅದು ಮತ್ತೆ ಇಂಟೇಕಿಗೆ ಬಿಡುತ್ತದೆ, ಆಮ್ಲಜನಕ ಕಡಿಮೆಯಾಗಿ ಉರಿಯ ಕಾವು ಇಳಿಯುತ್ತದೆ. ಆ ಹೊಗೆಯ ಜೊತೆ ಮಸಿಯೂ ಬರುತ್ತದೆ. ಇನ್ನೊಂದು ಕಡೆಯಿಂದ ಬ್ರೀದರ್ ಪೈಪು ಇಂಜಿನ್ ಎಣ್ಣೆಯ ಆವಿಯನ್ನು ಅದೇ ಇಂಟೇಕಿಗೆ ತಂದು ಬಿಡುತ್ತದೆ. ಒಣ ಮಸಿಗೆ ಎಣ್ಣೆ ಕೂಡಿದಾಗ ಜಿಗುಟು ರಾಡಿಯಾಗಿ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನ ಗೋಡೆ ಹಿಡಿಯುತ್ತದೆ. ವರ್ಷಗಳು ಕಳೆದಂತೆ ಗಾಳಿ ಹೋಗುವ ದಾರಿ ಕಿರಿದಾಗುತ್ತದೆ.

ಪೆಟ್ರೋಲ್ ಗಾಡಿಯ ಕಥೆ ಬೇರೆ. ಆಲ್ಟೊ, ವ್ಯಾಗನ್‌ಆರ್‌ನಂಥ ಎಂಪಿಎಫ್‌ಐ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇಂಟೇಕ್ ವಾಲ್ವಿನ ಬೆನ್ನ ಮೇಲೇ ಚಿಮ್ಮಿಸುತ್ತದೆ. ಗಾಡಿ ಓಡಿದಷ್ಟೂ ವಾಲ್ವು ತಾನಾಗಿ ತೊಳೆದುಕೊಳ್ಳುತ್ತಿರುತ್ತದೆ. ಥ್ರಾಟಲ್ ಬಾಡಿಯ ಅಂಚಿಗೆ ಒಂದಿಷ್ಟು ಕಂದು ಜಿಡ್ಡು ಹಿಡಿಯುವುದು ಬಿಟ್ಟರೆ ಅಲ್ಲಿ ಹೆಚ್ಚೇನೂ ಕಟ್ಟುವುದಿಲ್ಲ. ಪೆಟ್ರೋಲನ್ನು ನೇರ ಸಿಲಿಂಡರಿನೊಳಕ್ಕೇ ಬಿಡುವ ಟಿಎಸ್‌ಐ, ಜಿಡಿಐ ಇಂಜಿನ್‌ಗಳಲ್ಲಿ ವಾಲ್ವಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಆದ್ದರಿಂದ ಅಲ್ಲಿ ನಿಜಕ್ಕೂ ಮಸಿ ಗಟ್ಟಿಯಾಗಿ ಕೂರುತ್ತದೆ. ಮೂರು ಬಗೆಯ ಇಂಜಿನ್, ಮೂರು ಬೇರೆ ಪರಿಸ್ಥಿತಿ. ಮೂರಕ್ಕೂ ಒಂದೇ ಪ್ಯಾಕೇಜು, ಒಂದೇ ದರ, ಒಂದೇ ಅವಧಿ ಹೇಳುವವರು ಇಂಜಿನ್ನನ್ನು ನೋಡಿ ಮಾತಾಡುತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ನಂಬಿಕೆ ಇಷ್ಟು ಆಳಕ್ಕೆ ಇಳಿದಿರುವುದಕ್ಕೂ ಕಾರಣವಿದೆ. ನಮ್ಮ ಹಿಂದಿನ ತಲೆಮಾರು ಓಡಿಸಿದ್ದು ಟೂ-ಸ್ಟ್ರೋಕ್ ಗಾಡಿಗಳನ್ನು: ಮೈಸೂರಿನ ಯೆಜ್ಡಿ, ಬಜಾಜ್ ಸ್ಕೂಟರ್, ಲೂನಾ. ಅವು ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತಿದ್ದವು. ಸೈಲೆನ್ಸರ್ ಕಟ್ಟಿಕೊಳ್ಳುತ್ತಿತ್ತು, ಬಿಚ್ಚಿ ಬೆಂಕಿಗೆ ಹಿಡಿದು ಮಸಿ ಉದುರಿಸಿದರೆ ಗಾಡಿ ಮತ್ತೆ ಹುಮ್ಮಸ್ಸಿನಿಂದ ಓಡುತ್ತಿತ್ತು. ಅಂಬಾಸಿಡರ್, ಫಿಯಟ್ ಕಾಲದಲ್ಲೂ ಹೆಡ್ ಬಿಚ್ಚಿ ಪಿಸ್ಟನ್ ಮೇಲಿನ ಕಾರ್ಬನ್ ಕೆರೆಯುವುದು ಮಾಮೂಲಿ ಕೆಲಸ. ಆಗಿನ ಇಂಧನ ಹಾಗಿತ್ತು, ಎಣ್ಣೆಯೂ ಹಾಗೇ ಇತ್ತು. ಆ ಕೆಲಸಕ್ಕೆ ಅರ್ಥವಿತ್ತು. ಅದರಲ್ಲಿ ಇನ್ನೊಂದು ಗುಣವೂ ಇತ್ತು: ಮಿಸ್ತ್ರಿ ಬಿಚ್ಚುತ್ತಿದ್ದ, ಮಾಲೀಕ ಎದುರು ನಿಂತು ನೋಡುತ್ತಿದ್ದ. ಆಮೇಲೆ ಕಾಲ ಬದಲಾಯಿತು. 2000ದಲ್ಲಿ ಸೀಸದ ಪೆಟ್ರೋಲ್ ದೇಶದಿಂದ ಹೋಯಿತು. ಡೀಸೆಲ್ಲಿನ ಗಂಧಕದ ಮಿತಿ ಬಿಎಸ್-3 ಮಾಲಿನ್ಯ ನಿಯಮದಲ್ಲಿ 350 ಪಿಪಿಎಂ ಇದ್ದದ್ದು ಬಿಎಸ್-4ರಲ್ಲಿ 50ಕ್ಕೆ, 2020ರ ಏಪ್ರಿಲ್‌ನಿಂದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಇಂಧನವೂ ಎಣ್ಣೆಯೂ ಸುಧಾರಿಸಿದ ಮೇಲೆ ಅವಧಿಗೊಮ್ಮೆ ಕಾರ್ಬನ್ ಕೆರೆಯುವ ಅಗತ್ಯ ಹೋಗಬೇಕಿತ್ತು. ಹೋದದ್ದು ಬಿಚ್ಚಿ ನೋಡುವ ಪದ್ಧತಿ, ಉಳಿದದ್ದು ಕಾರ್ಬನ್ನಿನ ಹೆದರಿಕೆ. ಆ ಹೆದರಿಕೆಯ ಮೇಲೆ ಈಗ ವ್ಯಾಪಾರ ನಡೆದಿದೆ.

ಮಾರುತ್ತಿರುವ ಮದ್ದುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಟ್ಯಾಂಕಿಗೆ ಸುರಿಯುವ ಬಾಟಲಿ. ಇಂಟೇಕಿನ ರಾಡಿ ಕರಗುತ್ತದೆ ಎಂದು ಹೇಳಿ ಡೀಸೆಲ್ ಕಾರಿಗೂ ಅದನ್ನು ಸುರಿಸುತ್ತಾರೆ. ಡೀಸೆಲ್ ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಇಂಜೆಕ್ಟರಿಗೆ, ಅಲ್ಲಿಂದ ನೇರ ಸಿಲಿಂಡರಿಗೆ ಹೋಗುತ್ತದೆ. ಮ್ಯಾನಿಫೋಲ್ಡಿನ ದಾರಿಯಲ್ಲಿ ಅದು ಕಾಲಿಡುವುದೇ ಇಲ್ಲ. ಹೋಗದ ಜಾಗವನ್ನು ಅದು ತೊಳೆಯುವುದು ಹೇಗೆ? ನೇರ ಇಂಜೆಕ್ಷನ್ನಿನ ಪೆಟ್ರೋಲ್ ಗಾಡಿಗೂ ಇದೇ ಮಾತು. ಬಾಟಲಿಯಿಂದ ಇಂಜೆಕ್ಟರಿನ ಮೂತಿ ಸ್ವಚ್ಛವಾಗಬಹುದು, ಆದರೆ ಅದರ ಹೆಸರಲ್ಲಿ ಇಂಟೇಕ್ ಕ್ಲೀನಿಂಗ್ ಎಂದು ದುಡ್ಡು ತೆಗೆದುಕೊಳ್ಳುವುದು ವಂಚನೆ.

ಎರಡನೆಯದು ಇಂಜಿನ್ ಚಾಲೂ ಇಟ್ಟು ಇಂಟೇಕಿಗೆ ಹೊಡೆಯುವ ಸ್ಪ್ರೇ. ಸೈಲೆನ್ಸರಿನಿಂದ ದಟ್ಟ ಹೊಗೆ ಹೊರಬಿದ್ದಾಗ ‘ನೋಡ್ರಿ, ಕಾರ್ಬನ್ ಹೊಂಟೇತಿ’ ಎಂದು ತೋರಿಸುತ್ತಾರೆ. ಆ ಹೊಗೆಯಲ್ಲಿ ಬಹುಪಾಲು ಸ್ಪ್ರೇಯ ದ್ರಾವಕವೇ ಉರಿದು ಬಂದದ್ದು. ಹೊಸ ಇಂಜಿನ್ನಿಗೆ ಹೊಡೆದರೂ ಹೊಗೆ ಬರುತ್ತದೆ. ಡೀಸೆಲ್ ಇಂಜಿನ್ನಿಗೆ ಇದರಲ್ಲಿ ಅಪಾಯವೂ ಇದೆ. ದ್ರಾವಕ ಎಂದರೆ ಇಂಧನ. ಇಂಟೇಕಿನಿಂದ ಒಳಹೋದ ಇಂಧನಕ್ಕೆ ಇಂಜಿನ್ ಕಂಪ್ಯೂಟರಿನ ಲಗಾಮಿಲ್ಲ, ಹೆಚ್ಚಾದರೆ ಇಂಜಿನ್ ತಾನೇ ತಾನಾಗಿ ವೇಗ ಏರಿಸಿಕೊಂಡು ಕೈಮೀರಬಹುದು. ಉರಿಯದೆ ಉಳಿದ ದ್ರಾವಕ ಪಿಸ್ಟನ್ ರಿಂಗಿನ ಸಂದಿಯಿಂದ ಇಳಿದು ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ಅರೆಬರೆ ಸಡಿಲಾದ ಗಟ್ಟಿ ಕಾರ್ಬನ್ ತುಣುಕು ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡರೆ ಇಲ್ಲದ ರೋಗವನ್ನು ದುಡ್ಡು ಕೊಟ್ಟು ತಂದುಕೊಂಡ ಹಾಗಾಯಿತು.

ಮೂರನೆಯದು, ಈಗ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿರುವ ಹೈಡ್ರೋಜನ್ ಯಂತ್ರ. ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ನನ್ನೂ ಆಮ್ಲಜನಕವನ್ನೂ ಇಂಟೇಕಿಗೆ ಬಿಟ್ಟರೆ ಕಾರ್ಬನ್ ಸುಟ್ಟುಹೋಗುತ್ತದೆ ಎಂಬುದು ಅದರ ಪ್ರಚಾರ. ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್, ಹೈಡ್ರೋಜನ್ ತಯಾರಿಸಲು ಸುಮಾರು ಐದು ಯೂನಿಟ್ ಕರೆಂಟ್ ಬೇಕು. ಯಂತ್ರ ಒಂದು ಕಿಲೋವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ತಾಸಿಗೆ ಹೆಚ್ಚೆಂದರೆ 200 ಲೀಟರ್ ಹೈಡ್ರೋಜನ್ ಸಿಗುತ್ತದೆ. ನಮ್ಮ ಭಾಗದಲ್ಲಿ ಮನೆಮಾತಾಗಿದ್ದ ಸ್ವಿಫ್ಟ್, ಡಿಜೈರ್ ಡೀಸೆಲ್ಲಿನ 1248 ಸಿಸಿ ಇಂಜಿನ್ ನಿಂತಲ್ಲೇ 800 ಆರ್‌ಪಿಎಂನಲ್ಲಿ ಓಡಿದರೂ ನಿಮಿಷಕ್ಕೆ ಸುಮಾರು 500 ಲೀಟರ್, ತಾಸಿಗೆ 30 ಸಾವಿರ ಲೀಟರ್ ಗಾಳಿ ಎಳೆಯುತ್ತದೆ. ಅದರಲ್ಲಿ ಹೈಡ್ರೋಜನ್ನಿನ ಪಾಲು ನೂರಕ್ಕೆ ಒಂದೂ ಆಗಲಿಲ್ಲ. ಇನ್ನು ಮಸಿ ತಾನಾಗಿ ಸುಡಬೇಕೆಂದರೆ ಸುಮಾರು 600 ಡಿಗ್ರಿ ಕಾವು ಬೇಕು. ನಿಂತ ಗಾಡಿಯ ಇಂಟೇಕ್ ಮ್ಯಾನಿಫೋಲ್ಡು ಅದರ ಹತ್ತಿರಕ್ಕೂ ಬರುವುದಿಲ್ಲ. ಹೈಡ್ರೋಜನ್ ಅಲ್ಲಿ ಉರಿಯುವುದೂ ಇಲ್ಲ, ರಾಡಿಯ ಪಕ್ಕದಿಂದ ಹಾದು ಸಿಲಿಂಡರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಯಂತ್ರದ ದೀಪ ಮಿನುಗುತ್ತಿರುವ ಅರ್ಧ ತಾಸು ಇಂಟೇಕಿನ ರಾಡಿ ಇದ್ದಲ್ಲೇ ಇರುತ್ತದೆ.

‘ಮಾಡಿಸಿದ ಮ್ಯಾಲೆ ಗಾಡಿ ಹಗುರಾತು’ ಎನ್ನುವವರಿದ್ದಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಅದಕ್ಕೆ ಅವರು ಕೊಡುವ ಕಾರಣವನ್ನು ಒಪ್ಪುವುದಿಲ್ಲ. ಆ ಪ್ಯಾಕೇಜಿನ ಜೊತೆ ಸಾಮಾನ್ಯವಾಗಿ ಏರ್ ಫಿಲ್ಟರ್ ಬದಲಾಗಿರುತ್ತದೆ, ಹೊಸ ಎಣ್ಣೆ ಬಿದ್ದಿರುತ್ತದೆ, ಸ್ಕ್ಯಾನರ್ ಹಾಕಿ ಹಳೆಯ ದೋಷದ ಕೋಡುಗಳನ್ನು ಅಳಿಸಿರುತ್ತಾರೆ, ಟಾಯರಿಗೆ ಗಾಳಿ ತುಂಬಿರುತ್ತಾರೆ. ಧೂಳು ತುಂಬಿದ ಏರ್ ಫಿಲ್ಟರ್ ಒಂದನ್ನು ತೆಗೆದು ಹೊಸದು ಹಾಕಿದರೂ ಗಾಡಿ ಹಗುರಾಗುತ್ತದೆ. ಯಶಸ್ಸಿನ ಹೆಸರು ಮಾತ್ರ ಕಾರ್ಬನ್ ಕ್ಲೀನಿಂಗಿಗೆ ಹೋಗುತ್ತದೆ. ಅನುಮಾನವಿದ್ದವರು ಮೊದಲು ಫಿಲ್ಟರ್ ಒಂದನ್ನೇ ಬದಲಿಸಿ ಕೆಲವು ದಿನ ಓಡಿಸಿ ನೋಡಲಿ.

ಈ ಮೂರೂ ದುಡ್ಡು ಕಳೆಯುವ ಮದ್ದುಗಳು. ನಾಲ್ಕನೆಯದು ಊರಿಗೇ ಕೇಡು ಮಾಡುವಂಥದು: ಇಜಿಆರ್ ದಾರಿಗೆ ತಗಡು ಹೊಡೆದು ಮುಚ್ಚುವುದು. ‘ಹೊಗಿ ಒಳಗ ಬರೂದ ಬ್ಯಾಡ, ಕಾರ್ಬನ್ ಕಟ್ಟೂದ ಬ್ಯಾಡ’ ಎಂಬ ಈ ಉಪಾಯವನ್ನು ಜಾಣತನವೆಂದು ಹೇಳಿಕೊಳ್ಳುವವರು ಬಹಳ. ಮ್ಯಾನಿಫೋಲ್ಡು ಸ್ವಚ್ಛವಾಗಿ ಉಳಿಯುತ್ತದೆ, ನಿಜ. ಹೊಗೆ ಪರೀಕ್ಷೆಯಲ್ಲೂ ಗಾಡಿ ಪಾಸಾಗುತ್ತದೆ, ಏಕೆಂದರೆ ನಮ್ಮ ಪಿಯುಸಿ ಪರೀಕ್ಷೆ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನು ಅಲ್ಲ. ತಗಡು ಹೊಡೆದಾಗ ಏರುವುದು ಅದೇ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಸಾಂಗ್ಲಿಯ ಹೆಸರೂ ಇತ್ತು. ನೈಟ್ರೋಜನ್ ಆಕ್ಸೈಡ್ ಉಸಿರಿನ ಕಾಯಿಲೆಯವರನ್ನು ಹಿಂಡುತ್ತದೆ, ಬಿಸಿಲಿಗೆ ಓಝೋನ್ ಹುಟ್ಟಿಸುತ್ತದೆ. ಆ ಓಝೋನ್ ದ್ರಾಕ್ಷಿ ಎಲೆಯ ಮೇಲೆ ಕಂದು ಚುಕ್ಕೆ ಎಬ್ಬಿಸುತ್ತದೆ ಎಂಬುದು 1950ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಗೊತ್ತಾದ ವಿಷಯ. ತಾಸಗಾಂವ, ಮಿರಜ ತಾಲೂಕುಗಳಲ್ಲಿ ದ್ರಾಕ್ಷಿ ಬೆಳೆದು ಬದುಕುವ ನಾವು ಇದನ್ನು ಮರೆಯಬಾರದು. ವಾಹನವನ್ನು ಕಂಪನಿಯ ಮೂಲ ರಚನೆಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದು ಇದರ ಮೇಲಿನ ಮಾತು. ಆದರೆ ನನ್ನ ಆಕ್ಷೇಪ ಕಾಯ್ದೆಯದಕ್ಕಿಂತ ದೊಡ್ಡದು. ನನ್ನ ಮ್ಯಾನಿಫೋಲ್ಡು ಹೊಳೆಯಲೆಂದು ಆಸ್ಪತ್ರೆಯ ಊರಿನ ಗಾಳಿಗೆ ವಿಷ ಬಿಡುವ ಹಕ್ಕು ನನಗಿಲ್ಲ.

ಹಾಗಾದರೆ ಮಸಿ ಕಟ್ಟಿದಾಗ ಮಾಡುವುದೇನು? ಬಿಚ್ಚಿ ನೋಡುವುದು. ಮಿರಜದ ಒಬ್ಬ ಹಿರಿಯ ಮಿಸ್ತ್ರಿಯ ಗ್ಯಾರೇಜಿನಲ್ಲಿ ಡೀಸೆಲ್ ಕಾರೊಂದರ ಮ್ಯಾನಿಫೋಲ್ಡು ಇಳಿಸಿದಾಗ ನಾನು ಎದುರಿಗಿದ್ದೆ. ಇಜಿಆರ್ ಬಂದು ಸೇರುವ ಬಾಯಿಯ ಹತ್ತಿರ ಮಸಿ ಒಣಗಿ, ಹೆಕ್ಕಳಿಕೆ ಎದ್ದು ನಿಂತಿತ್ತು, ಬೆರಳಿನಿಂದ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಅಲ್ಲಿಂದ ಮುಂದೆ ಸಿಲಿಂಡರಿಗೆ ಹೋಗುವ ಕೊಳವೆಗಳಲ್ಲಿ ಅದು ಹಸಿ, ಮೆತ್ತಗೆ, ಬೆರಳಿಗೆ ಅಂಟುವಂತಿತ್ತು. ಹೆಬ್ಬೆರಳು ಸಲೀಸಾಗಿ ಹೋಗಬೇಕಾದ ಕಡೆ ಕಿರುಬೆರಳು ಹಾದುಹೋಗುತ್ತಿತ್ತು. ‘ಮಾಮಾ, ತೊಳದ ಕೂಡ್ರಸಬೇಕೇನು?’ ಎಂದೆ. ‘ತೊಳಿಯೂದು ಸಂಜೀಕ ಆತು ತಮ್ಮಾ. ಮೊದಲ ಇಷ್ಟು ಎಣ್ಣಿ ಎಲ್ಲಿಂದ ಬಂತು ನೋಡೂಣು’ ಎಂದು ಅವರು ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊದಿಂದ ಬರುವ ರಬ್ಬರ್ ಪೈಪನ್ನು ಬಿಚ್ಚಿದರು. ಪೈಪಿನೊಳಗೆ ಎಣ್ಣೆ ನಿಂತಿತ್ತು. ಎಣ್ಣೆ ಸೋರಿದ್ದು ಟರ್ಬೊದ ಸೀಲಿನಿಂದಲೊ, ಬ್ರೀದರಿನಿಂದಲೊ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಬ್ರಷ್ಷು, ಸೀಮೆಎಣ್ಣೆ ಕೈಗೆತ್ತಿಕೊಂಡದ್ದು.

ಕಾರ್ಬನ್ ಕ್ಲೀನಿಂಗಿನ ವಿರುದ್ಧ ನನ್ನ ಮುಖ್ಯ ವಾದ ಇಲ್ಲಿದೆ. ಮಸಿಯೇ ಸಾಕ್ಷಿ. ಒಣ ಮಸಿ ಹೆಚ್ಚಿದ್ದರೆ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲ, ಇಜಿಆರ್ ವಾಲ್ವು ತೆರೆದುಕೊಂಡೇ ಸಿಕ್ಕಿಬಿದ್ದಿದೆ, ಟರ್ಬೊ ಪೈಪಿನಲ್ಲಿ ಗಾಳಿ ಸೋರುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ ಎಂದು ಅನುಮಾನಿಸಬೇಕು. ಹಸಿ ರಾಡಿ ಹೆಚ್ಚಿದ್ದರೆ ಟರ್ಬೊ ಸೀಲು, ಬ್ರೀದರ್, ಸವೆದ ರಿಂಗಿನ ಕಡೆ ನೋಡಬೇಕು. ಇಂಜಿನ್ ಎಂದೂ ಸರಿಯಾಗಿ ಬಿಸಿಯಾಗುತ್ತಿಲ್ಲವೆಂದರೆ ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿರಬಹುದು. ಸ್ಕ್ಯಾನರ್ ಎಂಬುದು ಕೋಡ್ ಅಳಿಸುವುದಕ್ಕಲ್ಲ, ಇವನ್ನು ಅಳೆಯುವುದಕ್ಕೆ ಇದೆ: ಕಂಪ್ಯೂಟರ್ ಇಜಿಆರ್‌ಗೆ ಎಷ್ಟು ತೆರೆ ಎಂದಿತು, ಅದು ಎಷ್ಟು ತೆರೆಯಿತು, ಗಾಳಿ ಎಷ್ಟು ಬಂತು, ಟರ್ಬೊ ಒತ್ತಡ ಎಷ್ಟಾಯಿತು. ಏನನ್ನೂ ನೋಡದೆ ಸ್ಪ್ರೇ ಹೊಡೆದವನು ರೋಗವನ್ನು ಬಿಟ್ಟು ಸಾಕ್ಷಿಯನ್ನು ಅಳಿಸುತ್ತಾನೆ. ಸೋರುವ ಟರ್ಬೊ ಸೋರುತ್ತಲೇ ಇರುತ್ತದೆ, ಮಸಿ ಮತ್ತೆ ಕಟ್ಟುತ್ತದೆ, ಮುಂದಿನ ವರ್ಷ ಮತ್ತದೇ ಪ್ಯಾಕೇಜು. ಕೊನೆಗೊಂದು ದಿನ ಟರ್ಬೊ ಕೈಕೊಟ್ಟಾಗ ಗಾಡಿಯ ಹಣೆಬರಹ ಎನ್ನುತ್ತೇವೆ.

ಕಾರಣಗಳಲ್ಲಿ ಒಂದು ನಮ್ಮ ಓಡಾಟದಲ್ಲೇ ಇದೆ. ಸಾಂಗ್ಲಿ, ಮಿರಜ, ಕುಪವಾಡ ಮೂರೂ 1998ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ಜನ ಒಂದರಲ್ಲಿ ಮಲಗಿ ಇನ್ನೊಂದರಲ್ಲಿ ದುಡಿಯುತ್ತಾರೆ. ಮಿರಜದಿಂದ ವಿಶ್ರಾಮಬಾಗ್ ದಾಟಿ ಸಾಂಗ್ಲಿಗೆ ಹೋದರೆ ಹತ್ತು ಕಿಲೋಮೀಟರಿನ ಆಸುಪಾಸು. ಡೀಸೆಲ್ ಇಂಜಿನ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ಆಫೀಸು ಬಂದಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದು ಬೇರೆ. ಇಜಿಆರ್ ಹೆಚ್ಚು ತೆರೆಯುವುದು ಇಂಥ ಹಗುರ ಓಟದಲ್ಲೇ, ಆದ್ದರಿಂದ ಮಸಿ ಕಟ್ಟಲು ಇದು ಹೇಳಿಮಾಡಿಸಿದ ಸ್ಥಿತಿ. ಡೀಸೆಲ್ ಕಾರಿರುವವರು ವಾರಕ್ಕೊಮ್ಮೆಯಾದರೂ ಕೊಲ್ಹಾಪುರದ ಕಡೆಗೊ ಪಂಢರಪುರದ ಹೆದ್ದಾರಿಯಲ್ಲೊ ಅರ್ಧ ತಾಸು ಇಂಜಿನ್ನಿಗೆ ಸರಿಯಾಗಿ ಕೆಲಸ ಕೊಟ್ಟು ಓಡಿಸಲಿ. ಎಣ್ಣೆಯನ್ನು ಕಂಪನಿ ಹೇಳಿದ ದರ್ಜೆಯದನ್ನೇ ಹೊತ್ತಿಗೆ ಸರಿಯಾಗಿ ಬದಲಿಸಲಿ. ಎಸಿ ಹಾಕಿಕೊಂಡು ನಿಂತಲ್ಲೇ ಇಂಜಿನ್ ಓಡಿಸುವ ಚಾಳಿ ಬಿಡಲಿ. ದಿನವೂ ಇಷ್ಟೇ ಓಡಾಟವಿರುವವರು ಮುಂದಿನ ಕಾರು ಕೊಳ್ಳುವಾಗ ಡೀಸೆಲ್ ಬೇಕೇ ಎಂದು ಯೋಚಿಸಲಿ. ಇವುಗಳಲ್ಲಿ ಯಾವುದನ್ನೂ ಬಾಟಲಿಯಲ್ಲಿ ತುಂಬಿ ಮಾರಲಾಗುವುದಿಲ್ಲ, ಅದಕ್ಕೇ ಇವುಗಳ ಜಾಹೀರಾತು ಎಲ್ಲೂ ಕಾಣುವುದಿಲ್ಲ.

ಕೈಯಿಂದ ತೊಳೆಯಲೇಬೇಕಾದ ಸಂದರ್ಭಗಳಿವೆ. ದಾರಿ ಕಿರಿದಾಗಿದ್ದು ಕಣ್ಣಾರೆ ಕಂಡಾಗ, ಇಜಿಆರ್ ವಾಲ್ವು ಅಂಟಿಕೊಂಡಾಗ, ಟಿಎಸ್‌ಐ ಗಾಡಿಯ ವಾಲ್ವಿನ ಮೇಲೆ ಕಾರ್ಬನ್ ಗಟ್ಟಿಯಾದಾಗ. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ನುಗ್ಗಿದಾಗ ಮುಳುಗಿದ ಕಾರುಗಳ ಇಂಟೇಕಿನಿಂದ ಕೆಸರು ತೆಗೆಯಲು ಬಿಚ್ಚದೆ ಬೇರೆ ದಾರಿಯೇ ಇರಲಿಲ್ಲ. ಇಂಥ ಸಂದರ್ಭಗಳಲ್ಲಿ ಮ್ಯಾನಿಫೋಲ್ಡು ಇಳಿಸಬೇಕು, ನೆನೆಹಾಕಬೇಕು, ಉಜ್ಜಬೇಕು, ಒಣಗಿಸಬೇಕು, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಬೇಕು. ನೇರ ಇಂಜೆಕ್ಷನ್ನಿನ ಪೆಟ್ರೋಲ್ ಇಂಜಿನ್ನಿಗೆ ವಾಲ್ವು ಮುಚ್ಚಿದ ಸ್ಥಿತಿಯಲ್ಲಿಟ್ಟು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಿಂದ ಹೊಡೆದು ಕೆರೆಯುವ ವಿಧಾನವಿದೆ. ಇದು ಇಡೀ ದಿನದ ಕೆಲಸ.

ಇಡೀ ದಿನದ ಕೆಲಸಕ್ಕೆ ಕೂಲಿ ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ. ಈ ಹುಸಿ ಮದ್ದು ಬೆಳೆದ ಬೇರು ಇದು. ಯಂತ್ರದ ಬಿಲ್ಲಿಗೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಡುವ ನಾವು, ಎರಡು ತಾಸು ತಲೆ ಓಡಿಸಿ ದೋಷ ಹುಡುಕಿದ ಮಿಸ್ತ್ರಿಗೆ ‘ಬರೇ ನೋಡಿದ್ದಕ್ಕ ಇಷ್ಟ್ಯಾಕ?’ ಎಂದು ಚೌಕಾಸಿ ಮಾಡುತ್ತೇವೆ. ನೋಡುವುದಕ್ಕೆ ಬೆಲೆ ಸಿಗದ ಕಡೆ ನೋಡುವವರು ಉಳಿಯುವುದಿಲ್ಲ, ಹೊಡೆಯುವವರು ಉಳಿಯುತ್ತಾರೆ. ಬೆಳಗಾವಿಯಿಂದ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿ ಕಬ್ಬಿಣದ ನೇಗಿಲು ತಯಾರಿಸಿದ ಜಿಲ್ಲೆ ಇದು. ಯಂತ್ರವನ್ನು ಬಿಚ್ಚಿ, ಕಾರಣ ಹುಡುಕಿ, ಸರಿಮಾಡುವ ಕೈಗಳು ಇಲ್ಲಿ ನೂರು ವರ್ಷದಿಂದ ಇವೆ. ಆ ಕೈಗಳಿಗೆ ಕೆಲಸ ತಪ್ಪಿಸಿ ಮಿನುಗುವ ಡಬ್ಬಿಗೆ ದುಡ್ಡು ಹಾಕುತ್ತಿರುವವರು ನಾವೇ.

ಆದ್ದರಿಂದ ಕಾರಿರುವವರಿಗೆ ನನ್ನ ಕೋರಿಕೆ ಇಷ್ಟು. ಗಾಡಿಯ ಜೊತೆ ಬಂದ ಕೈಪಿಡಿಯ ಸರ್ವಿಸ್ ಪಟ್ಟಿಯನ್ನು ಒಮ್ಮೆ ಓದಿ, ಕಾರ್ಬನ್ ಕ್ಲೀನಿಂಗ್ ಅದರಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬಿಲ್ಲಿನಿಂದ ಆ ಸಾಲನ್ನು ತೆಗೆಸಿ. ‘ಕಾರ್ಬನ್ ಕಟ್ಟೇತಿ’ ಎಂದು ಯಾರಾದರೂ ಹೇಳಿದರೆ ‘ಬಿಚ್ಚಿ ತೋರಸ್ರಿ, ಎಲ್ಲಿಂದ ಬಂತು ಹೇಳ್ರಿ’ ಎಂದು ಕೇಳಿ. ತೋರಿಸಿ, ಕಾರಣ ಹೇಳಿ, ಅದನ್ನು ಸರಿಮಾಡಿದವರಿಗೆ ಚೌಕಾಸಿಯಿಲ್ಲದೆ ಪೂರಾ ಕೂಲಿ ಕೊಡಿ. ತೋರಿಸಲು ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.